ಪುಟ್ಟ ಎಂಜಿನ್ನಿಗೆ ಒಂದು ಹಿಡಿ ಕಲ್ಲಿದ್ದಲು

ನಮ್ಮ ಮನೆಯಲ್ಲೊಂದು ಜರಡಿ ಇದೆ. ಹುಬ್ಬಳ್ಳಿಯಲ್ಲಿ ಅವ್ವ ಜೋಳ ಹಸನು ಮಾಡುತ್ತಿದ್ದ ಜರಡಿ. ಅವ್ವ ಹೋದ ಮೇಲೆ ನೆನಪಿಗಿರಲಿ ಅಂತ ಅದನ್ನ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಇಟ್ಟು ಇಂಗ್ಲೆಂಡಿಗೆ ತಂದಿದ್ದೆ. ಅಡುಗೆಮನೆಯ ಗೋಡೆಗೆ ನೇತುಹಾಕಿದ್ದೆ. ಬಂದವರೆಲ್ಲ 'ವಾವ್, ಎಷ್ಟು ಚೆಂದ' ಅನ್ನೋರು.

ಈಗ ಅದು ಗ್ಯಾರೇಜಿನಲ್ಲಿದೆ. ಅದರಲ್ಲಿ ಕಲ್ಲಿದ್ದಲು ಜರಡಿ ಹಿಡಿಯುತ್ತೇವೆ. ಹೆಂಡತಿ ನನ್ನ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆದರೆ ಗೋಡೆಯಿಂದ ಅದನ್ನ ಇಳಿಸಿದ್ದು ನಾನಲ್ಲ. ಅಪ್ಪ.

ಮೊದಲು ನನ್ನ ಹುಚ್ಚಿನ ವಿಷಯ ಹೇಳಿಬಿಡ್ತೀನಿ. ನಾಟಿಂಗ್‌ಹ್ಯಾಮ್ ಪಕ್ಕದ ಬೀಸ್ಟನ್‌ನಲ್ಲಿ ನಮ್ಮ ಮನೆ. ಕೆಲಸ ಸಾಫ್ಟ್‌ವೇರ್. ವಾರವಿಡೀ ಕಣ್ಣಿಗೆ ಕಾಣದ, ಕೈಗೆ ಸಿಗದ ವಸ್ತುಗಳ ಜೊತೆ ಗುದ್ದಾಟ. ಭಾನುವಾರ ಮಾತ್ರ ಕೈ ಕಪ್ಪು. ಇಲ್ಲಿನ ಸುಮಾರು ಊರುಗಳಲ್ಲಿ ಮಾಡೆಲ್ ಎಂಜಿನಿಯರಿಂಗ್ ಕ್ಲಬ್‌ಗಳಿವೆ. ಪಾರ್ಕಿನ ಒಂದು ಮೂಲೆಯಲ್ಲಿ ಪುಟ್ಟ ರೈಲುಹಳಿ, ಅದರ ಮೇಲೆ ಮೊಣಕಾಲೆತ್ತರದ ಎಂಜಿನ್. ಆಟಿಕೆ ಅಂದುಕೊಳ್ಳಬೇಡಿ. ನಿಜವಾದ ತಾಮ್ರದ ಬಾಯ್ಲರ್, ನಿಜವಾದ ಬೆಂಕಿ, ನಿಜವಾದ ಉಗಿ. ಹಿಂದಿನ ಪುಟ್ಟ ಗಾಡಿಯ ಮೇಲೆ ಕೂತ ಡ್ರೈವರ್ ಜೊತೆಗೆ ಮಕ್ಕಳನ್ನೂ ಎಳೆದುಕೊಂಡು ಹೋಗುತ್ತೆ. ಬಾಯ್ಲರನ್ನ ನಿಗದಿತ ಕಾಲಕ್ಕೆ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ತೋರಿಸದಿದ್ದರೆ ಹಳಿ ಮೇಲೆ ಇಡಲಿಕ್ಕೂ ಬಿಡಲ್ಲ.

ಮಗಳನ್ನ ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೇ ನೆಪ. ಅವಳು ಎರಡು ಸುತ್ತು ಹೊಡೆದು ಐಸ್‌ಕ್ರೀಮ್ ಕಡೆ ನಡೆದಳು. ನಾನು ಅಲ್ಲೇ ನಿಂತೆ. ಆ ವಾಸನೆ! ಬಿಸಿ ಎಣ್ಣೆ, ಒದ್ದೆ ಬೂದಿ, ಕಲ್ಲಿದ್ದಲು. ನಾನು ಚಿಕ್ಕವನಿದ್ದಾಗ ಅಪ್ಪ ಡ್ಯೂಟಿ ಮುಗಿಸಿ ಬಂದರೆ ಅಂಗಿಯಿಂದ ಬರುತ್ತಿದ್ದದ್ದು ಇದೇ ವಾಸನೆ.

ಅಪ್ಪ ರೈಲ್ವೆಯಲ್ಲಿ ಫೈರ್‌ಮನ್ ಆಗಿದ್ದವರು. ಹುಬ್ಬಳ್ಳಿ, ಗದಗ, ಬಿಜಾಪುರದ ಕಡೆ ಮೀಟರ್ ಗೇಜ್ ಹಳಿ ಇದ್ದ ಕಾಲ. ವೈಪಿ, ವೈಜಿ ಅನ್ನುವ ಎಂಜಿನ್‌ಗಳು. 1974ರಲ್ಲಿ ಸೇರಿದವರು ಡೀಸೆಲ್ ಬರುವ ತನಕ ಸಲಿಕೆ ಹಿಡಿದು ಬೆಂಕಿಯ ಬಾಯಿಗೆ ಕಲ್ಲಿದ್ದಲು ಉಣಿಸಿದರು.

ಕ್ಲಬ್ಬಿನ ಹಿರಿಯರೊಬ್ಬರು ವಯಸ್ಸಾಯ್ತು ಅಂತ ತಮ್ಮ ಎಂಜಿನ್ ಮಾರುತ್ತಿದ್ದರು. ನಾನು ಕೊಂಡೆ. ಅದರ ಹೆಸರು ಟಿಚ್. ಎಲ್‌ಬಿಎಸ್‌ಸಿ ಅನ್ನುವ ಅಡ್ಡಹೆಸರಿನಲ್ಲಿ ಬರೆಯುತ್ತಿದ್ದ ಕರ್ಲಿ ಲಾರೆನ್ಸ್ ಎಂಬ ಪುಣ್ಯಾತ್ಮ ಹೊಸಬರಿಗಾಗಿ ರೂಪಿಸಿದ ವಿನ್ಯಾಸ. ಹಳಿಯ ಅಗಲ ಮೂರೂವರೆ ಇಂಚು, ಅಂದರೆ 89 ಮಿಲಿಮೀಟರ್. ನಾಲ್ಕೇ ಚಕ್ರ. ಇಷ್ಟು ಸಣ್ಣ ಎಂಜಿನ್‌ಗಳಿಗೆ ಸ್ಪಿರಿಟ್ ದೀಪವೇ ಸರಿ, ಕಲ್ಲಿದ್ದಲು ಉರಿಸಿ ಮನುಷ್ಯರನ್ನ ಎಳೆಯೋದು ಆಗದ ಮಾತು ಅಂತ ದೊಡ್ಡವರೆಲ್ಲ ಹೇಳುತ್ತಿದ್ದಾಗ, 1920ರ ದಶಕದಲ್ಲಿ ಅದಕ್ಕಿಂತ ಸಣ್ಣ, ಎರಡೂವರೆ ಇಂಚು ಹಳಿಯ ಎಂಜಿನ್‌ನಲ್ಲಿ ಕಲ್ಲಿದ್ದಲು ಉರಿಸಿ ತೋರಿಸಿದವನು ಈತ. ಆ ಎಂಜಿನ್‌ಗೆ ಆಯೇಷಾ ಅಂತ ಹೆಸರಿಟ್ಟಿದ್ದ.

ನಾನು ಟಿಚ್ ಕೊಂಡದ್ದು 2023ರ ಕೊನೆಗೆ. ಮುಹೂರ್ತ ನೋಡಿ! ಆ ವರ್ಷದ ನವೆಂಬರ್‌ನಲ್ಲೇ ವೇಲ್ಸ್‌ನ ಮರ್ಥರ್ ಟಿಡ್‌ಫಿಲ್ ಪಕ್ಕದ ಫೋಸ್-ಅ-ವ್ರಾನ್ ಗಣಿ ಮುಚ್ಚಿತು. ಇಲ್ಲಿನ ಉಗಿಬಂಡಿ ಜನರಿಗೆ ಅದು ಬರೀ ಗಣಿ ಅಲ್ಲ. ವೆಲ್ಶ್ ಸ್ಟೀಮ್ ಕೋಲ್ ಅಂದರೆ ಅವರ ಪಾಲಿಗೆ ಸೋನಾ ಮಸೂರಿ ಇದ್ದ ಹಾಗೆ. ಹೊಗೆ ಕಡಿಮೆ, ಕಾವು ಜಾಸ್ತಿ, ಬೆಂಕಿಯಲ್ಲಿ ಅಂಟಂಟಾಗಲ್ಲ. ಇದೇ ಮರ್ಥರ್‌ನ ಪೆನಿಡಾರನ್‌ನಲ್ಲಿ 1804ರಲ್ಲಿ ರಿಚರ್ಡ್ ಟ್ರೆವಿಥಿಕ್ ಹಳಿಯ ಮೇಲೆ ಮೊದಲ ಉಗಿ ಎಂಜಿನ್ ಓಡಿಸಿದ್ದು. ಶುರುವಾದ ಊರಿನ ಪಕ್ಕದಲ್ಲೇ ಕಲ್ಲಿದ್ದಲು ಖಾಲಿ.

ಕ್ಲಬ್ಬಿನ ಡ್ರಮ್ಮಿನಲ್ಲಿ ಇನ್ನೂ ಸ್ವಲ್ಪ ವೆಲ್ಶ್ ಕಲ್ಲಿದ್ದಲು ಉಳಿದಿತ್ತು. ಆದರೆ ಅದು ಸಾರ್ವಜನಿಕರನ್ನ ಎಳೆಯುವ ದೊಡ್ಡ ಎಂಜಿನ್‌ಗಳಿಗೆ ಮೀಸಲು. ಸೆಕ್ರೆಟರಿ ಬಹಳ ಸೌಜನ್ಯದಿಂದ, ಇಂಗ್ಲಿಷರಿಗೆ ಮಾತ್ರ ಸಾಧ್ಯವಾಗುವ ಸೌಜನ್ಯದಿಂದ, ನಿಮ್ಮದು ನೀವೇ ಹುಡುಕಿಕೊಳ್ಳಿ ಅಂದರು.

ಒಬ್ಬ ಸಹೋದ್ಯೋಗಿ ಕೇಳಿದಳು, ಈ ಕಾಲದಲ್ಲಿ ಕಲ್ಲಿದ್ದಲು ಸುಡೋದು ತಪ್ಪಲ್ವಾ ಅಂತ. ಗಣಿ ಮುಚ್ಚಿದ್ದು ಸರಿ ಅಂತಲೇ ನನಗೂ ಅನ್ನಿಸುತ್ತೆ. ಟಿಚ್‌ಗೆ ಒಂದು ಮಧ್ಯಾಹ್ನಕ್ಕೆ ಬೇಕಾಗೋದು ಒಂದು ಸಣ್ಣ ಡಬ್ಬಿಯಷ್ಟು ಇಂಧನ ಅನ್ನೋದು ನೆಪ ಅಂತಲೂ ಗೊತ್ತು. ಆದರೂ ಆ ಒಂದು ಡಬ್ಬಿಗಾಗಿ ನಾನು ಆರು ತಿಂಗಳು ಅಲೆದೆ.

2024ರ ಏಪ್ರಿಲ್‌ನಲ್ಲಿ ಅಪ್ಪ ಬಂದರು. ಅವ್ವ ಹೋಗಿ ವರ್ಷವಾಗಿತ್ತು. ವಿಸಿಟರ್ ವೀಸಾ, ಆರು ತಿಂಗಳು. ಬೆಳಿಗ್ಗೆ ಐದಕ್ಕೆ ಎದ್ದು ಕಿಟಕಿ ಪಕ್ಕ ಕೂರೋರು. ಕೇಳಿದ್ದಕ್ಕೆ ಹೂಂ, ಉಹೂಂ. ಊಟ ಮಾಡಿದ ತಟ್ಟೆ ತಾವೇ ತೊಳೆದಿಡೋರು, ಯಾರಿಗೂ ಭಾರ ಆಗಬಾರದು ಅನ್ನೋ ಥರ. ಎಪ್ಪತ್ತೆರಡರ ಮನುಷ್ಯ ಮಗನ ಮನೆಯಲ್ಲಿ ಲಾಡ್ಜಿನಲ್ಲಿ ಇದ್ದ ಹಾಗೆ ಇದ್ದರು.

ಎಂಜಿನ್ ನೋಡಿದರೆ ಖುಷಿಪಡ್ತಾರೆ ಅಂತ ನಾನು ಎಣಿಸಿದ್ದೆ. ಬಂದ ಮೂರನೇ ದಿನಕ್ಕೆ ಗ್ಯಾರೇಜಿಗೆ ಕರೆದುಕೊಂಡು ಹೋಗಿ ಬಟ್ಟೆ ಸರಿಸಿ ತೋರಿಸಿದೆ. ಅಪ್ಪ ಬಗ್ಗಿ ನೋಡಿದರು. ಚಿಮಣಿ ಮೇಲೊಮ್ಮೆ ಬೆರಳು ಸವರಿದರು.

"ಎಷ್ಟು ಕೊಟ್ಟಿ?"

ಹೇಳಿದೆ. ರೂಪಾಯಿ ಲೆಕ್ಕ ಮನಸ್ಸಲ್ಲೇ ಮಾಡಿದರು.

"ನಾ ಇದನ್ನ ಬಿಟ್ಟು ಹೊರಗ ಬರಾಕ ಇಪ್ಪತ್ತು ವರ್ಷ ಬೇಕಾತು. ನೀ ರೊಕ್ಕಾ ಕೊಟ್ಟು ಒಳಗ ಹೊಂಟಿ," ಅಂದು ಒಳಗೆ ಹೋದರು. ಅಷ್ಟೇ.

ನಾನು ಸುಮ್ಮನೆ ಇಂಧನ ಹುಡುಕತೊಡಗಿದೆ.

ಮೊದಲು ಸಿಕ್ಕಿದ್ದು ಪಕ್ಕದ ಬೀದಿಯ ಒಬ್ಬರ ಶೆಡ್ಡಿನಲ್ಲಿ ವರ್ಷಗಳಿಂದ ಬಿದ್ದಿದ್ದ ಅರ್ಧ ಮೂಟೆ ಹೌಸ್ ಕೋಲ್, ಮನೆಯ ಅಗ್ಗಿಷ್ಟಿಕೆಗೆ ಹಾಕುತ್ತಿದ್ದ ಸಾಧಾರಣ ಕಲ್ಲಿದ್ದಲು. ಮನೆಗಳಲ್ಲಿ ಸುಡಲು ಇದನ್ನ ಮೂಟೆಯಲ್ಲಿ ಮಾರೋದನ್ನ ಇಂಗ್ಲೆಂಡಿನಲ್ಲಿ 2021ರ ಮೇ ತಿಂಗಳಿಂದ ನಿಲ್ಲಿಸಿದ್ದಾರೆ. ಬಿಡಿಯಾಗಿ ಮನೆಗೆ ತಂದು ಸುರಿಯೋದನ್ನ 2023ರ ಮೇಯಿಂದ. ಯಾಕೆ ಅಂತ ಹತ್ತೇ ನಿಮಿಷದಲ್ಲಿ ಗೊತ್ತಾಯ್ತು. ಹಿತ್ತಲಿನಲ್ಲಿ ಟಿಚ್‌ಗೆ ಅದನ್ನ ಹಾಕಿದ್ದೇ ತಡ, ಹಳದಿ ಹೊಗೆ ಎದ್ದು ಪಕ್ಕದ ಮನೆಯವರ ಒಣಹಾಕಿದ ಬಟ್ಟೆಗಳ ಕಡೆ ಸಾಗಿತು. ಅಪ್ಪ ಕೆಮ್ಮುತ್ತಾ ಬಾಗಿಲು ಹಾಕಿಕೊಂಡರು. ಆರಿದ ಮೇಲೆ ನೋಡಿದರೆ ಬಾಯ್ಲರಿನ ಕೊಳವೆಗಳಲ್ಲಿ ಮಸಿ, ಡಾಂಬರಿನಂಥ ಅಂಟು. ಕೊಳವೆ ಅಂದರೆ ಎಷ್ಟು ದೊಡ್ಡದು? ಪೆನ್ಸಿಲ್‌ಗಿಂತ ಒಂಚೂರು ದಪ್ಪ. ಇಡೀ ಸಂಜೆ ಬ್ರಶ್ ಹಾಕಿ ತಿಕ್ಕಿದೆ.

ಇಲ್ಲೇ ನನಗೆ ಸಮಸ್ಯೆಯ ಬುಡ ಅರ್ಥವಾಗಿದ್ದು. ಟಿಚ್‌ನ ಅಳತೆ ದೊಡ್ಡ ಎಂಜಿನಿನ ಹದಿನಾರರಲ್ಲಿ ಒಂದು ಪಾಲು. ಉದ್ದ ಹದಿನಾರನೇ ಒಂದು ಪಾಲಾದರೆ ಬೆಂಕಿ ಕೂರುವ ಜಾಲರಿಯ ವಿಸ್ತೀರ್ಣ 256ರಲ್ಲಿ ಒಂದು ಪಾಲು, ಫೈರ್‌ಬಾಕ್ಸಿನ ಗಾತ್ರ 4096ರಲ್ಲಿ ಒಂದು ಪಾಲು. ನನ್ನ ಎಂಜಿನಿನ ಜಾಲರಿ ಹೆಚ್ಚೂಕಮ್ಮಿ ಎರಡು ಬೆಂಕಿಪೊಟ್ಟಣ ಪಕ್ಕಪಕ್ಕ ಇಟ್ಟಷ್ಟು. ಲೋಹವನ್ನ ನಾವು ಚಿಕ್ಕದು ಮಾಡಬಹುದು; ಬೆಂಕಿ ಮಾತ್ರ ಚಿಕ್ಕದಾಗಲ್ಲ. ಕಲ್ಲಿದ್ದಲು ಕಾದಾಗ ಮೊದಲು ಅದರೊಳಗಿನ ಅನಿಲ ಹೊರಬರುತ್ತೆ. ಅದು ಪೂರ್ತಿ ಉರಿಯಲಿಕ್ಕೆ ಜಾಗ ಬೇಕು, ಕಾವು ಬೇಕು, ಹೊತ್ತು ಬೇಕು. ದೊಡ್ಡ ಎಂಜಿನ್‌ನಲ್ಲಿ ಅದೆಲ್ಲ ಇದೆ. ಟಿಚ್‌ನಲ್ಲಿ ಅಂಗೈಯಷ್ಟು ಪೆಟ್ಟಿಗೆ, ಅದರ ಸುತ್ತ ನೀರು. ಚದರ ಇಂಚಿಗೆ 80 ಪೌಂಡ್ ಒತ್ತಡದಲ್ಲಿ ಆ ನೀರಿನ ಬಿಸಿ ಸುಮಾರು 160 ಡಿಗ್ರಿ. ನಮಗದು ಸುಡುಬಿಸಿ, ಜ್ವಾಲೆಗೆ ತಣ್ಣೀರು. ಜ್ವಾಲೆ ತಾಮ್ರದ ಗೋಡೆಗೆ ತಾಗಿದ್ದೇ ಅರ್ಧದಲ್ಲೇ ಆರಿ ಮಸಿಯಾಗುತ್ತೆ. ಅದಕ್ಕೇ ಈ ಪುಟ್ಟ ಎಂಜಿನ್‌ಗಳಿಗೆ ಅನಿಲ ಕಡಿಮೆ ಇರುವ ವೆಲ್ಶ್ ಕಲ್ಲಿದ್ದಲೇ ಬೇಕು ಅಂತ ಎಲ್ಲರೂ ಬಡಿದುಕೊಳ್ಳೋದು.

ಎರಡನೇ ಪ್ರಯೋಗ, ಅಂಗಡಿಯಲ್ಲಿ ಸಿಗುವ ಹೊಗೆರಹಿತ ಉಂಡೆಗಳು. ಕಾನೂನಿಗೆ ಸರಿ, ಎಲ್ಲಾ ಕಡೆ ಸಿಗುತ್ತೆ. ಆದರೆ ಅವು ಪುಡಿಯನ್ನ ಅಂಟು ಹಾಕಿ ಒತ್ತಿದ ಉಂಡೆ. ಸುತ್ತಿಗೆಯಿಂದ ಒಡೆದರೆ ಅರ್ಧ ತುಂಡು, ಅರ್ಧ ಹಿಟ್ಟು. ನಾರ್ಫೋಕ್‌ನ ಬ್ಯೂರ್ ವ್ಯಾಲಿ ರೈಲ್ವೆಯವರು 2021ರಲ್ಲಿ ಇಂಥದ್ದೇ ಜೈವಿಕ ಮಿಶ್ರಣದ ಉಂಡೆಗಳನ್ನ ತಮ್ಮ ಎಂಜಿನ್‌ಗಳಲ್ಲಿ ಪ್ರಯೋಗ ಮಾಡಿದ್ದರು. ಆದರೆ ಅವರ ಹಳಿ 15 ಇಂಚು, ಇಡೀ ಉಂಡೆಯನ್ನೇ ಹಾಕಬಹುದು. ನನಗೆ ಆ ಭಾಗ್ಯವಿಲ್ಲ. ನಾನು ತಂದ ಮೂಟೆಯದು ಇಪ್ಪತ್ತು ನಿಮಿಷ ಚೆನ್ನಾಗಿ ಉರಿದು, ಆಮೇಲೆ ಒತ್ತಡ ಜಾರತೊಡಗಿತು. ಜಾಲರಿಯ ಮೇಲೆ ಬೂದಿ ಕರಗಿ ಗಾಜಿನ ಹಪ್ಪಳದ ಹಾಗೆ ಕೂತಿತ್ತು.

ಆ ಹಪ್ಪಳವನ್ನ ಕಿತ್ತು ಹಿತ್ತಲ ಕಟ್ಟೆ ಮೇಲೆ ಇಟ್ಟಿದ್ದೆ. ಸಂಜೆ ಅಪ್ಪ ಅದನ್ನ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಾ ನಿಂತಿದ್ದರು.

"ಕ್ಲಿಂಕರ್," ಅಂದರು. ಕಮ್ಮಾರರು ಕಿಟ್ಟ ಅನ್ನೋದು ಇದಕ್ಕೇ. "ನಮಗ ಸಿಂಗರೇಣಿ ಕಲ್ಲಿದ್ದಲಿ ಬರ್ತಿತ್ತು. ಬೂದಿ ಭಾಳ. ಹಾದ್ಯಾಗ ನಿಂದ್ರಿಸಿ ಸಳಿ ಹಾಕಿ ಇದನ್ನ ಕಿತ್ತು ಒಗೀತಿದ್ವಿ. ಒಂದೊಂದು ಈ ಪರಿ ಇರ್ತಿತ್ತು," ಅಂತ ಎರಡು ಕೈ ಅಗಲಿಸಿ ತೋರಿಸಿದರು. ಬಂದಾಗಿನಿಂದ ಅವರ ಬಾಯಿಂದ ಒಟ್ಟಿಗೆ ಇಷ್ಟು ಮಾತು ಬಂದಿದ್ದು ಅದೇ ಮೊದಲು.

ನಾನು ಉಸಿರು ಬಿಗಿಹಿಡಿದು ಕೇಳಿದೆ. "ಮತ್ತೆ ಯಾವುದು ಹಾಕಲಿ ಅಪ್ಪಾ?"

"ನನಗೇನ್ ಗೊತ್ತು. ಕೊಟ್ಟದ್ದು ಹಾಕ್ತಿದ್ವಿ. ಆರಿಸ್ಕೊಳ್ಳೋ ಚೈನಿ ನಮಗೆಲ್ಲಿತ್ತು?"

ಮೂರನೆಯದು ಆಂಥ್ರಸೈಟ್. ಇದೂ ಕಲ್ಲಿದ್ದಲೇ, ಆದರೆ ಕಲ್ಲು ಜಾಸ್ತಿ ಇದ್ದಲು ಕಮ್ಮಿ ಅನ್ನಿಸುವಷ್ಟು ಗಟ್ಟಿ, ಹೊಳಪು. ಬಹುಪಾಲು ಇಂಗಾಲವೇ, ಅನಿಲ ತೀರಾ ಕಡಿಮೆ, ಹೊಗೆ ಇಲ್ಲವೇ ಇಲ್ಲ ಅನ್ನಬಹುದು. ಮಾರಲಿಕ್ಕೂ ಸುಡಲಿಕ್ಕೂ ಅಡ್ಡಿಯಿಲ್ಲ. ಸಣ್ಣ ಕಾಳಿನ ಅಳತೆಯಲ್ಲೇ ಸಿಗುತ್ತೆ. ಓದಿದವರೆಲ್ಲ ಇದೇ ಉತ್ತರ ಅನ್ನುತ್ತಾರೆ. ನಾನೂ ಎರಡು ಮೂಟೆ ತಂದುಬಿಟ್ಟೆ.

ಹಠಮಾರಿ ಅಂದರೆ ಅದೇ. ಹೊತ್ತಿಕೊಳ್ಳಲಿಕ್ಕೇ ಒಲ್ಲದು. ಸೀಮೆಎಣ್ಣೆಯಲ್ಲಿ ನೆನೆಸಿದ ಇದ್ದಿಲು ಹಾಕಿ, ಚಿಮಣಿ ಮೇಲೆ ಗಾಳಿ ಎಳೆಯುವ ಫ್ಯಾನ್ ಇಟ್ಟು, ಅದು ಕೆಂಪಾದ ಮೇಲೆ ನಾಲ್ಕು ನಾಲ್ಕೇ ಕಾಳು ಉದುರಿಸಬೇಕು. ಹೊತ್ತಿದ ಮೇಲೆ ಓಡುವಾಗ ಭರ್ಜರಿ ಕಾವು. ನಿಲ್ಲಿಸಿದರೆ ಸತ್ತ ಹಾಗೆ ಮಲಗುತ್ತೆ. ಕ್ಲಬ್ಬಿನಲ್ಲಿ ಮೊದಲ ದಿನ ಒಂದು ಸುತ್ತು ಹೊಡೆದು ನಿಲ್ಲಿಸಿ, ಮಗಳು ಹಿಂದೆ ಹತ್ತಿ ಕೂರುವಷ್ಟರಲ್ಲಿ ಒತ್ತಡ 75ರಿಂದ 40ಕ್ಕೆ. ಹಿಂದೆ ಕ್ಯೂನಲ್ಲಿದ್ದ ದೊಡ್ಡ ಎಂಜಿನ್‌ಗಳೆಲ್ಲ ಬುಸುಗುಡುತ್ತಾ ಕಾಯುತ್ತಿವೆ. ನಾನು ಟಿಚ್‌ನ ಕೈಯಲ್ಲೇ ದೂಡಿಕೊಂಡು ಪಕ್ಕಕ್ಕೆ ತಂದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸ್ಕೂಟರ್ ಕೈಕೊಟ್ಟ ಫೀಲಿಂಗ್.

ಅಪ್ಪ ಅವತ್ತು ಮೊಮ್ಮಗಳ ಒತ್ತಾಯಕ್ಕೆ ಬಂದಿದ್ದರು. ದೂರದ ಬೆಂಚಿನಲ್ಲಿ ಕೂತು ಎಲ್ಲ ನೋಡಿದರು. ನಾನು ಬೆವರು ಒರೆಸಿಕೊಳ್ಳುತ್ತಾ ಮತ್ತೆ ಬೆಂಕಿ ಎಬ್ಬಿಸಿದೆ. ಯಾವಾಗ ಎದ್ದು ಬಂದರೋ ಗೊತ್ತಿಲ್ಲ, ನನ್ನ ಬೆನ್ನ ಹಿಂದೆ ನಿಂತಿದ್ದರು.

ಅರ್ಧ ಸುತ್ತು ಹೋಗಿ ಬಂದು ಅವರ ಮುಂದೆಯೇ ನಿಲ್ಲಿಸಿ ರೆಗ್ಯುಲೇಟರ್ ಮುಚ್ಚಿದೆ. ಬೆಂಕಿಬಾಗಿಲು ತೆರೆದಿತ್ತು. ಬ್ಲೋವರ್ ತೆರೆಯೋದು ಮರೆತಿದ್ದೆ. ಗೊತ್ತಿಲ್ಲದವರಿಗೆ ಹೇಳಬೇಕಂದರೆ, ಎಂಜಿನ್ ಓಡುವಾಗ ಚಿಮಣಿಯಿಂದ ಹೊರಬೀಳುವ ಉಗಿಯೇ ಬೆಂಕಿಯ ಗಾಳಿಯನ್ನ ಮುಂದಕ್ಕೆ ಎಳೆಯುತ್ತೆ. ರೆಗ್ಯುಲೇಟರ್ ಮುಚ್ಚಿದರೆ ಆ ಎಳೆತ ನಿಂತುಹೋಗುತ್ತೆ. ಆಗ ಬ್ಲೋವರ್ ಅನ್ನುವ ಸಣ್ಣ ವಾಲ್ವ್ ತೆರೆದು ಚಿಮಣಿಗೆ ಒಂಚೂರು ಉಗಿ ಬಿಡಬೇಕು. ಇಲ್ಲದಿದ್ದರೆ ಜ್ವಾಲೆ ಹಿಂದಕ್ಕೆ, ಬಾಗಿಲಿನಿಂದ ಹೊರಕ್ಕೆ.

ಬಂತು. ಒಂದು ಗೇಣು ಕೂಡ ಇಲ್ಲ, ದೀಪದ ಕುಡಿಯಷ್ಟು ಜ್ವಾಲೆ ಚಾಚಿ ನನ್ನ ಬೆರಳಿನ ಕೂದಲು ಚುರ್ ಅಂತು. ನಾನು ಕೈ ಹಿಂದೆಳೆಯುವ ಮೊದಲೇ ನನ್ನ ಭುಜದ ಮೇಲಿಂದ ಇನ್ನೊಂದು ಕೈ ಬಂದು ಬ್ಲೋವರ್ ತಿರುಗಿಸಿಬಿಟ್ಟಿತ್ತು. ಗುಂಡುಸೂಜಿಯ ತಲೆಯಷ್ಟಲ್ಲದಿದ್ದರೂ ಅಂಗಿಯ ಗುಂಡಿಗಿಂತ ಸಣ್ಣ ಚಕ್ರ ಅದು. ಅದೆಲ್ಲಿದೆ ಅಂತ ಅಪ್ಪನಿಗೆ ಹೇಗೆ ಗೊತ್ತಾಯ್ತು? ಜೀವಮಾನದಲ್ಲಿ ಒಂದೇ ಸಲ, ಮೂರು ನಿಮಿಷ ಆ ಎಂಜಿನ್ ನೋಡಿದ್ದರು.

ಅಪ್ಪ ಕೈ ಹಾಗೇ ಇಟ್ಟಿದ್ದರು. ಅಂಗಿ ತೋಳು ಮೇಲೆ ಸರಿದಿತ್ತು. ಎಡ ಮುಂಗೈಯಿಂದ ಮೊಣಕೈವರೆಗೆ ಇರುವ ಆ ಸುಟ್ಟ ಕಲೆ ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಕುದಿಯುವ ಗಂಜಿ ಬಿತ್ತು ಅಂತ ಅವ್ವ ಹೇಳುತ್ತಿದ್ದಳು.

"ಗಂಜಿ ಅಲ್ಲಪಾ ಅದು," ಅಂದರು, ಮನೆಗೆ ಬರುವಾಗ ಕಾರಿನಲ್ಲಿ, ಯಾರೂ ಕೇಳದೆ. "ನಾನೂ ಒಮ್ಮೆ ಮರತೆ. ರಾತ್ರಿ ಪಾಳಿ. ಡ್ರೈವರ್ ರೆಗ್ಯುಲೇಟರ್ ಮುಚ್ಚಿದಾ, ನಾ ಬಾಗಲಾ ತೆರದಿದ್ದೆ, ತೂಕಡಿಕಿ ಬಂದಿತ್ತು. ಮಾರಿ ತಪ್ಪಿಸ್ಕೊಂಡೆ, ಕೈ ಸಿಕ್ತು. ನೀ ಆಗ ನಿಮ್ಮವ್ವನ ಹೊಟ್ಟ್ಯಾಗ ಇದ್ದಿ. ಖರೇ ಹೇಳಿದ್ರ ಡ್ಯೂಟಿಗೆ ಹೋಗಬ್ಯಾಡ ಅಂತಾಳ ಅಂತ ಗಂಜಿ ಅಂದ್ವಿ. ಆಕಿಗೆ ಗೊತ್ತಿತ್ತು. ನಿನಗೂ ಹಂಗ ಹೇಳಿದಳು."

ಸ್ವಲ್ಪ ಹೊತ್ತಿನ ಮೇಲೆ, "ಮಗಾ ಬೆಂಕಿ ಮುಂದ ನಿಂದ್ರಬಾರದು ಅಂತ ಓದಿಸಿದ್ದು ನಾ," ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಗ್ನಲ್ ಹಸಿರಾಗಿತ್ತು, ಹಿಂದಿನವರು ಹಾರ್ನ್ ಮಾಡಲಿಲ್ಲ. ಇಲ್ಲಿ ಬೇಗ ಮಾಡಲ್ಲ.

ಮರುದಿನ ಆಫೀಸಿನಿಂದ ಬಂದರೆ ಗ್ಯಾರೇಜಿನ ಬಾಗಿಲು ತೆರೆದಿತ್ತು. ಅಪ್ಪ ಹಳೆ ಲುಂಗಿ ಉಟ್ಟು ನೆಲದ ಮೇಲೆ ಕೂತಿದ್ದರು. ಒಂದು ಕಡೆ ಮೂಟೆ, ಮಧ್ಯೆ ಸುತ್ತಿಗೆ, ಕೈಯಲ್ಲಿ ಅವ್ವನ ಜರಡಿ. ಪಕ್ಕದಲ್ಲಿ ಮೊಮ್ಮಗಳು, ಮೂಗಿನ ತನಕ ಕಪ್ಪು.

"ಶೇಂಗಾಕ್ಕಿಂತ ಸಣ್ಣದು ಬ್ಯಾಡ, ಅಡಕಿಗಿಂತ ದೊಡ್ಡದು ಬ್ಯಾಡ," ಅಂತ ಅವಳಿಗೆ ಪಾಠ ನಡೆದಿತ್ತು. "ಹಿಟ್ಟು ಹೋದ್ರ ಗಾಳಿ ಕಟ್ತೈತಿ. ತೊಳದು ಹಾಕಬೇಕು." ಅವರ ದೊಡ್ಡ ಎಂಜಿನ್‌ಗಳಿಗೆ ಮುಷ್ಟಿಯಷ್ಟು ದೊಡ್ಡದಾಗಿ ಒಡೆಯುತ್ತಿದ್ದರಂತೆ.

ಒಳಗಿಂದ ನನ್ನ ಹೆಂಡತಿ ಜರಡಿ ನೋಡಿ ಏನೋ ಹೇಳಲು ಬಾಯಿ ತೆರೆದಳು. ಅಪ್ಪ ತಲೆ ಎತ್ತಿ, "ಏನ್ ಯವ್ವಾ, ಗ್ವಾಡಿ ಮ್ಯಾಲ ನೇತು ಹಾಕಿದ್ರ ಅದರ ಕೆಲಸ ಆಕ್ಕೇತೇನು?" ಅಂದರು. ಅವಳು ಬಾಯಿ ಮುಚ್ಚಿದಳು. ಕೋಪ ನನ್ನ ಮೇಲೆ ತಿರುಗಿತು, ಅದು ಬೇರೆ.

ತೆಂಗಿನ ಕರಟದ ಇದ್ದಿಲು ಅಪ್ಪನದೇ ಐಡಿಯಾ. ಆಂಥ್ರಸೈಟ್ ಒಂದೇ ಆದರೆ ನಿಂತಾಗ ಮಲಗುತ್ತೆ, ಅದನ್ನ ಎಬ್ಬಿಸಿ ಇಡಲು ಜೊತೆಗೆ ಬೇಗ ಹೊತ್ತುವಂಥದ್ದು ಬೇಕು ಅಂದರು. ಮರದ ಇದ್ದಿಲು ಹಗುರ, ಕಿಡಿ ಹಾರುತ್ತೆ, ಹಾಕಿದ್ದು ಹಾಕಿದ ಹಾಗೇ ಮುಗಿಯುತ್ತೆ. ಕರಟದ್ದು ಗಟ್ಟಿ. ಊರಲ್ಲಿ ಇಸ್ತ್ರಿ ಮಾಡೋರು ಪೆಟ್ಟಿಗೆಗೆ ಹಾಕೋದು ಅದನ್ನೇ. "ತಿಪಟೂರು ಕಡೆ ಮೂಟಿಗಟ್ಟಲೆ ಐತಿ. ಯಾರರ ಬರೋರ ಕೈಯಾಗ ತರಿಸು," ಅಂದರು. ವಿಮಾನದಲ್ಲಿ ಇದ್ದಿಲು ಸಾಮಾನಿನೊಳಗೆ ತರೋ ಹಾಗಿಲ್ಲ, ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ವಸ್ತು ಅಂತ ಅಪಾಯಕಾರಿ ಪಟ್ಟಿಯಲ್ಲಿದೆ ಅಂದೆ. "ಉಪ್ಪಿನಕಾಯಿ ಒಯ್ಯಾಕ ಬಿಡ್ತಾರ, ಇದ್ದಲಿ ಬಿಡಂಗಿಲ್ಲೇನು?" ಅಂತ ಅವರಿಗೆ ಅಚ್ಚರಿ.

ಇಲ್ಲಿನ ಅಂಗಡಿಯಲ್ಲೇ ಬಾರ್ಬೆಕ್ಯೂಗೆ ಅಂತ ಕೊಕೊನಟ್ ಇದ್ದಿಲು ಸಿಕ್ಕಿತು. ಚೆಂದದ ಆರು ಮೂಲೆಯ ಕಡ್ಡಿಗಳು, ನಡುವೆ ತೂತು. ಅಪ್ಪ ಒಂದನ್ನ ಮುರಿದು ಬೆರಳಲ್ಲಿ ಉಜ್ಜಿದರು. "ಇದು ಪರಟಿ ಅಲ್ಲ. ಪರಟಿ ಹಿಟ್ಟು ಗಂಜಿ ಹಾಕಿ ನಾದ್ಯಾರ." ನಿಜ, ಪಿಷ್ಟದ ಅಂಟು. ಆದರೂ ತುಂಡು ಮಾಡಿ ನೋಡೋಣ ಅಂತ ಮಳೆ ಬರುತ್ತಿದ್ದ ಒಂದು ಸಂಜೆ ಗ್ಯಾರೇಜಿನ ಬಾಗಿಲು ಅರ್ಧ ಎತ್ತಿ ಒಳಗೇ ಹಚ್ಚಿದೆವು. ದೊಡ್ಡ ಮೂರ್ಖತನ. ಸ್ವಲ್ಪ ಹೊತ್ತಿಗೆಲ್ಲ ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಕಿರುಚಿತು. ಇದ್ದಿಲಿನ ಬೆಂಕಿಗೆ ಹೊಗೆಯಿಲ್ಲ, ವಾಸನೆಯಿಲ್ಲ. ವಿಷ ಮಾತ್ರ ಇದೆ. ಅಪ್ಪನನ್ನ ಹೊರಗೆ ಎಳೆದುಕೊಂಡು ಬಂದೆ. ದಯವಿಟ್ಟು ಯಾರೂ ಮುಚ್ಚಿದ ಜಾಗದಲ್ಲಿ ಇದನ್ನ ಮಾಡಬೇಡಿ, ಚಳಿಗೆ ಕೆಂಡ ಇಟ್ಟುಕೊಳ್ಳೋದೂ ಅದೇ ಲೆಕ್ಕ. ಅವತ್ತಿನಿಂದ ಏನಿದ್ದರೂ ಬಯಲಿನಲ್ಲೇ.

ಕೊನೆಗೆ ಪಾಸಾಗಿದ್ದು ಎರಡು ಪಾಲು ತೊಳೆದ ಆಂಥ್ರಸೈಟ್, ಒಂದು ಪಾಲು ಕರಟದ ಇದ್ದಿಲಿನ ತುಂಡು. ಆದರೆ ಅದೊಂದರಿಂದಲೇ ಅಲ್ಲ. ಮಿಶ್ರಣ ಹಾಕಿದ ಮೇಲೂ ಬೆಂಕಿಯ ನಡುವೆ ಕಪ್ಪು ಕಲೆ ಉಳಿಯುತ್ತಿತ್ತು. ಅಪ್ಪ ಒಂದು ದಿನ ಎಂಜಿನ್‌ನ ತಲೆಕೆಳಗೆ ಮಾಡಿಸಿ, ಮೊಬೈಲ್ ಟಾರ್ಚ್ ಹಿಡಿಯಲು ಹೇಳಿ, ಬೂದಿ ತಟ್ಟೆ ನೋಡಿದರು. ಗಾಳಿ ಒಳಗೆ ಬರುವ ಜಾಗ ಎರಡು ಬೆರಳಿಗೂ ಕಮ್ಮಿ. ಜಾಲರಿಯ ಸಳಿಗಳು ಒತ್ತೊತ್ತು.

"ಇದ್ದಲಿದು ತಪ್ಪಲ್ಲ ತಮ್ಮಾ. ಇದರ ಮೂಗು ಮುಚ್ಚೇತಿ."

ಎಂಜಿನ್ ಕಟ್ಟಿದವರು ವೆಲ್ಶ್ ಕಲ್ಲಿದ್ದಲಿಗೆ ಅಂತ ಕಟ್ಟಿದ್ದರು. ಅದಕ್ಕೆ ಅಷ್ಟು ಗಾಳಿ ಸಾಕು. ಆಂಥ್ರಸೈಟ್ ಉರಿಯೋದು ಪೂರ್ತಿ ಜಾಲರಿಯ ಮೇಲೆಯೇ, ಅದಕ್ಕೆ ಕೆಳಗಿನಿಂದ ಧಾರಾಳ ಗಾಳಿ ಬೇಕು. ನಾನು ನಾಲ್ಕು ತಿಂಗಳು ಮೂಟೆ ಬದಲಾಯಿಸುತ್ತಾ ಕೂತಿದ್ದೆ; ಎಂಜಿನ್ ಬಗ್ಗಿಸಿ ನೋಡಿರಲಿಲ್ಲ. ಅರ ಹಿಡಿದು ಬೂದಿ ತಟ್ಟೆಯ ಬಾಯಿ ಅಗಲ ಮಾಡಿದೆವು. ಸ್ಟೇನ್‌ಲೆಸ್ ಸ್ಟೀಲಿನ ಸಳಿಗಳಿಂದ, ನಡುವೆ ಹೆಚ್ಚು ಸಂದು ಬಿಟ್ಟು, ಹೊಸ ಜಾಲರಿ ಮಾಡಿದೆ. ಅಳತೆ ನನ್ನದು, ಎಷ್ಟು ಸಂದು ಅನ್ನೋ ತೀರ್ಮಾನ ಅಪ್ಪನದು. ವರ್ನಿಯರ್ ಕ್ಯಾಲಿಪರ್ ಕೊಟ್ಟರೆ ಪಕ್ಕಕ್ಕಿಟ್ಟು ಶೇಂಗಾ ಬೀಜ ಇಟ್ಟು ನೋಡಿದರು, ಬೀಳುತ್ತಾ ಇಲ್ಲವಾ ಅಂತ.

ಆಗಸ್ಟಿನ ಒಂದು ಭಾನುವಾರ ಟಿಚ್ ನಿಲ್ಲದೆ ಒಂಬತ್ತು ಸುತ್ತು ಹೊಡೆಯಿತು. ನಿಂತಾಗಲೂ ಸೂಜಿ 70ರ ಕೆಳಗೆ ಇಳಿಯಲಿಲ್ಲ. ವೆಲ್ಶ್ ಕಲ್ಲಿದ್ದಲಿನಷ್ಟು ಚೆನ್ನಾಗಿತ್ತಾ ಅಂದರೆ, ಇಲ್ಲ. ಎರಡು ಸುತ್ತಿಗೊಮ್ಮೆ ಒಂದೊಂದು ಚಮಚ ಹಾಕುತ್ತಲೇ ಇರಬೇಕು, ಬಾಗಿಲು ಹೆಚ್ಚು ಹೊತ್ತು ತೆರೆದರೆ ತಣ್ಣಗಾಗುತ್ತೆ. ಆದರೆ ಓಡುತ್ತೆ. ಅಪ್ಪ ಓಡಿಸಲಿಲ್ಲ. ಎಷ್ಟು ಕರೆದರೂ ಡ್ರೈವರ್ ಸೀಟಿಗೆ ಬರಲಿಲ್ಲ. "ನಾ ಫೈರ್‌ಮನ್," ಅಂದರು. ಹಿಂದಿನ ಗಾಡಿಯಲ್ಲಿ ಮೊಮ್ಮಗಳ ಹಿಂದೆ ಕೂತು, ಪ್ರತಿ ಸುತ್ತಿಗೂ ನನ್ನ ಬೆನ್ನಿಗೆ ತಟ್ಟಿ ಸೂಚನೆ ಕೊಡುತ್ತಿದ್ದರು. ಒಂದು ತಟ್ಟಿದರೆ ಹಾಕು, ಎರಡು ತಟ್ಟಿದರೆ ಬ್ಲೋವರ್.

ಸೆಪ್ಟೆಂಬರ್ 28ಕ್ಕೆ ಹೀಥ್ರೂಗೆ ಬಿಡಲು ಹೊರಟೆವು. ನಮ್ಮ ಮನೆಯಿಂದ ಎಂ1 ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋಗುವಾಗ ಎಡಕ್ಕೆ ರಾಟ್‌ಕ್ಲಿಫ್ ವಿದ್ಯುತ್ ಸ್ಥಾವರದ ಎಂಟು ದೈತ್ಯ ಗೋಪುರಗಳು ಕಾಣುತ್ತವೆ. ಬ್ರಿಟನ್ನಿನಲ್ಲಿ ಕಲ್ಲಿದ್ದಲಿನಿಂದ ಕರೆಂಟ್ ಮಾಡುವ ಕೊನೆಯ ಸ್ಥಾವರ. ಇನ್ನು ಎರಡು ದಿನಕ್ಕೆ, 30ನೇ ತಾರೀಖು ಅದನ್ನ ಮುಚ್ಚುತ್ತಾರೆ ಅಂತ ಹೇಳಿದೆ. ಇಷ್ಟು ದಿನ ಆ ಗೋಪುರಗಳಿಂದ ಎಷ್ಟು ಹೊಗೆ ಬರ್ತಿತ್ತೋ ಅಂತ ಮಗಳು ಅಂದಳು.

"ಅದು ಹೊಗಿ ಅಲ್ಲವ್ವಾ, ಉಗಿ," ಅಂದರು ಅಪ್ಪ, ಕಿಟಕಿಯಿಂದ ಕಣ್ಣು ತೆಗೆಯದೆ. "ಹೊಗಿ ಆ ಉದ್ದ ಚಿಮಣ್ಯಾಗ ಹೊಕ್ಕೈತಿ."

ಅದು ಕಾಣೆಯಾಗುವ ತನಕ ಕತ್ತು ತಿರುಗಿಸಿ ನೋಡುತ್ತಲೇ ಇದ್ದರು.

ಈಗ ಭಾನುವಾರ ಹುಬ್ಬಳ್ಳಿಯಿಂದ ವಿಡಿಯೋ ಕಾಲ್ ಬರುತ್ತೆ. ಊಟ ಆತೇನು ಅನ್ನೋದಕ್ಕಿಂತ ಮೊದಲು ಪ್ರೆಶರ್ ಎಷ್ಟು ಅಂತ ಕೇಳ್ತಾರೆ. ಹೋದ ವಾರ ಗಾಳಿ ಜೋರಿತ್ತು, ಏನೂ ಕೇಳಿಸುತ್ತಿರಲಿಲ್ಲ. ಮಗಳು ಫೋನನ್ನ ಚಿಮಣಿಯ ಹತ್ತಿರ ಹಿಡಿದಳು. ಅಜ್ಜ ಕಣ್ಣು ಮುಚ್ಚಿ ಆ ಕಡೆಯಿಂದ ಕೇಳಿಸಿಕೊಂಡರು.

"ತಮ್ಮಾ," ಅಂದರು, "ಬ್ಲೋವರ್ ಒಂದೀಟು ತೆರಿ."

ತೆರೆದೆ.